ಗೆದ್ದಾಗ ನಮ್ಮೋನು, ಕಲ್ಲು ಬಿದ್ದಾಗ ನಿಮ್ಮೋರು

ಮದ್ದೂರಿನ ಗಲಾಟೆ ನಡೆದು ಒಂದು ವಾರ ಕಳೆದಿತ್ತು. ಮಳವಳ್ಳಿ ಕಡೆಯ ನಮ್ಮ ಮದ್ರಸದಲ್ಲಿ ಐದನೇ ತರಗತಿಯ ಹುಡುಗನೊಬ್ಬ ಪಾಠದ ಮಧ್ಯೆ ಕೈ ಎತ್ತಿದ. ತಜ್‌ವೀದಿನಲ್ಲಿ ಏನೋ ಸಂಶಯ ಇರಬೇಕು ಎಂದುಕೊಂಡೆವು. ಅವನು ಕೇಳಿದ್ದೇ ಬೇರೆ.

“ಉಸ್ತಾದ್, ಸಿರಾಜ್ ವಿಕೆಟ್ ತೆಗ್ದಾಗ ನಮ್ ಸ್ಕೂಲ್ ಹುಡುಗ್ರೆಲ್ಲ ‘ನಮ್ಮೋನು ಕಣ್ಲಾ’ ಅಂತ ಕುಣಿದ್ರು. ಮದ್ದೂರಲ್ಲಿ ಕಲ್ಲು ಬಿದ್ದ ಮೇಲೆ ಅದೇ ಹುಡುಗ್ರು ‘ನಿಮ್ಮೋರು ಹಿಂಗ್ ಮಾಡವ್ರೆ’ ಅಂತಾರೆ. ಹಂಗಾದ್ರೆ ನಾವು ಯಾರೋರು?”

ತರಗತಿಯೇ ಸುಮ್ಮನಾಯಿತು. ‘ನಾವೆಲ್ಲ ಅಲ್ಲಾಹನ ದಾಸರು’ ಎಂದು ಹೇಳಿ ನಾವು ಪಾಠಕ್ಕೆ ಮರಳಿದೆವು. ಉತ್ತರ ಸರಿಯೇ. ಆದರೆ ಹುಡುಗ ಕೇಳಿದ್ದು ಅದನ್ನಲ್ಲ. ಅದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ವರ್ಷ ಮುಗಿಯುವ ಈ ಹೊತ್ತಿನಲ್ಲಿ ಆ ಪ್ರಶ್ನೆಯನ್ನು ನಮ್ಮ ಮನೆಗಳ ಮುಂದೆ ಇಡಬೇಕು ಅನಿಸಿತು. 2025ರಲ್ಲಿ ಆಟದ ಮೈದಾನದಲ್ಲೂ ಊರಿನ ಬೀದಿಯಲ್ಲೂ ನಡೆದದ್ದನ್ನು ಒಟ್ಟಿಗೆ ನೋಡಿದರೆ ಹುಡುಗ ಕೇಳಿದ್ದು ಬರೀ ಅವನ ಪ್ರಶ್ನೆ ಅಲ್ಲ ಎಂದು ಗೊತ್ತಾಗುತ್ತದೆ.

ಮೊದಲು ಸಿರಾಜ್ ವಿಷಯ. ಆಗಸ್ಟ್ 4, ಸೋಮವಾರ, ಲಂಡನಿನ ಓವಲ್ ಮೈದಾನ. ಕೊನೆಯ ದಿನ ಇಂಗ್ಲೆಂಡಿಗೆ ಬೇಕಾದದ್ದು ಬರೀ 35 ರನ್, ಕೈಯಲ್ಲಿ 4 ವಿಕೆಟ್. ಭಾರತ 6 ರನ್ನಿನಿಂದ ಗೆದ್ದು ಸರಣಿಯನ್ನು 2-2ಕ್ಕೆ ಸಮ ಮಾಡಿತು. ಹೈದರಾಬಾದಿನ ಆಟೋ ಚಾಲಕರ ಮಗ ಸಿರಾಜ್ ಆ ಪಂದ್ಯದಲ್ಲಿ 9 ವಿಕೆಟ್ ಪಡೆದರು, ಇಡೀ ಸರಣಿಯಲ್ಲಿ 23. ಇನ್ನೊಂದು ತುದಿಯಿಂದ ನಮ್ಮ ಕರ್ನಾಟಕದ ಪ್ರಸಿದ್ಧ ಕೃಷ್ಣ 8 ವಿಕೆಟ್ ಪಡೆದರು. ಹುಡುಗರು ಕುಣಿದದ್ದರಲ್ಲಿ ಆಶ್ಚರ್ಯ ಇಲ್ಲ.

ಆದರೆ ಅದಕ್ಕೆ ಒಂದು ದಿನ ಮೊದಲು ನಡೆದದ್ದನ್ನು ನೆನಪು ಮಾಡಿಕೊಳ್ಳಿ. ಹ್ಯಾರಿ ಬ್ರೂಕ್ 19 ರನ್ ಮಾಡಿದ್ದಾಗ ಹೊಡೆದ ಚೆಂಡನ್ನು ಸಿರಾಜ್ ಹಿಡಿದರು, ಹಿಡಿದು ಹಿಂದೆ ಹೆಜ್ಜೆ ಇಟ್ಟು ಬೌಂಡರಿ ಹಗ್ಗ ತುಳಿದರು. ಬ್ರೂಕ್ ಔಟಾಗಲಿಲ್ಲ, 111 ರನ್ ಮಾಡಿದರು. ಮರುದಿನ ಆ 6 ರನ್ ಇಂಗ್ಲೆಂಡಿಗೆ ಸಿಕ್ಕಿದ್ದರೆ? 2021ರ ಅಕ್ಟೋಬರಿನಲ್ಲಿ ಭಾರತ ಪಾಕಿಸ್ತಾನಕ್ಕೆ 10 ವಿಕೆಟಿನಿಂದ ಸೋತಾಗ ಮುಹಮ್ಮದ್ ಶಮಿಯನ್ನು ಅವರ ಧರ್ಮದ ಹೆಸರು ಹಿಡಿದು ಬೈದದ್ದನ್ನು ನಾವು ಮರೆತಿಲ್ಲ. ಆಗ ನಾಯಕ ವಿರಾಟ್ ಕೊಹ್ಲಿ ಬಹಿರಂಗವಾಗಿ ಶಮಿಯ ಪರ ನಿಂತದ್ದನ್ನೂ ಮರೆತಿಲ್ಲ. ಅಂದರೆ ‘ನಮ್ಮೋನು’ ಎಂಬ ಮಾತು 6 ರನ್ನಿನ ಮೇಲೆ ನಿಂತಿತ್ತು. ಗೆದ್ದರೆ ಸಿಗುವ, ಸೋತರೆ ಹೋಗುವ ಮಾತು ಅದು. ನಮ್ಮ ಮಕ್ಕಳು ಅಂಥ ಮಾತಿನ ಮೇಲೆ ಬದುಕು ಕಟ್ಟಲಿಕ್ಕೆ ಆಗುವುದಿಲ್ಲ.

ಇನ್ನು ಮದ್ದೂರು. ಸೆಪ್ಟೆಂಬರ್ 5ಕ್ಕೆ ಮೀಲಾದ್ ಮುಗಿದಿತ್ತು. 7ರ ರವಿವಾರ ರಾತ್ರಿ ಗಣೇಶ ವಿಸರ್ಜನೆಯ ಮೆರವಣಿಗೆ ರಾಮ್ ರಹೀಂ ನಗರದ ಮಸೀದಿಯ ಬಳಿ ಬಂದಾಗ ಕಲ್ಲು ತೂರಾಟವಾಯಿತು. ಹಲವರಿಗೆ ಗಾಯಗಳಾದವು. ಪೊಲೀಸರು 20ಕ್ಕೂ ಹೆಚ್ಚು ಮಂದಿಯನ್ನು ಬಂಧಿಸಿದರು. ಮರುದಿನ ಪ್ರತಿಭಟನೆ, ಲಾಠಿ ಏಟು, ನಿಷೇಧಾಜ್ಞೆ. 9ಕ್ಕೆ ಮದ್ದೂರು ಬಂದ್. 10ಕ್ಕೆ ಸಾಮೂಹಿಕ ವಿಸರ್ಜನೆ, ದೊಡ್ಡ ನಾಯಕರ ದೊಡ್ಡ ಭಾಷಣ. ಇದಕ್ಕೆ ಸುಮಾರು ಒಂದು ವರ್ಷ ಮೊದಲು, 2024ರ ಸೆಪ್ಟೆಂಬರ್ 11ರಂದು, ಇದೇ ಜಿಲ್ಲೆಯ ನಾಗಮಂಗಲದಲ್ಲೂ ಮೆರವಣಿಗೆಯ ಹೊತ್ತಿಗೆ ಗಲಾಟೆಯಾಗಿ ಅಂಗಡಿಗಳು ಸುಟ್ಟು ಹೋಗಿದ್ದವು. ರಾಮನ ಹೆಸರೂ ರಹೀಮನ ಹೆಸರೂ ಒಟ್ಟಿಗೆ ಇರುವ ಬೀದಿಯಲ್ಲೇ ಹೀಗಾಯಿತಲ್ಲ ಎಂದು ಈ ಕಡೆಯ ಹಿರಿಯರು ಬೇಸರ ಮಾಡಿಕೊಂಡರು.

ಇಲ್ಲಿ ಒಂದು ಮಾತನ್ನು ‘ಆದರೆ’ ಸೇರಿಸದೆ ಹೇಳುತ್ತೇವೆ. ಕಲ್ಲು ಎಸೆದವನು ಯಾರೇ ಆಗಿರಲಿ, ಎಸೆದದ್ದು ತಪ್ಪು. ದಾರಿಯಲ್ಲಿ ಜನರಿಗೆ ತೊಂದರೆ ಕೊಡುವ ವಸ್ತುವನ್ನು ತೆಗೆದು ಹಾಕುವುದೂ ಈಮಾನಿನ ಒಂದು ಶಾಖೆ ಎಂದು ಕಲಿಸಿದ ಪ್ರವಾದಿಯವರ (ಸ.ಅ.) ಉಮ್ಮತ್ ನಮ್ಮದು. ಈ ಹದೀಸನ್ನು ನಾವು ಮದ್ರಸದ ಚಿಕ್ಕ ತರಗತಿಯಲ್ಲೇ ಬಾಯಿಪಾಠ ಮಾಡಿಸುತ್ತೇವೆ. ದಾರಿಯ ಕಲ್ಲನ್ನು ಬದಿಗೆ ಸರಿಸಬೇಕಾದ ಕೈ ಅದನ್ನು ಎತ್ತಿ ಇನ್ನೊಬ್ಬರ ತಲೆಗೆ ಎಸೆದರೆ ಮಸೀದಿಗೆ ಯಾವ ಗೌರವವೂ ಬರುವುದಿಲ್ಲ. ಎಸೆದವನಿಗೆ ಕಾನೂನು ಪ್ರಕಾರ ಶಿಕ್ಷೆ ಆಗಲಿ. ಎಸೆಯದೆ ಸಿಕ್ಕಿಬಿದ್ದವನಿಗೆ ವಕೀಲರ ಸಹಾಯ ಸಿಗಲಿ, ಬಿಡುಗಡೆ ಆಗಲಿ. ಇವೆರಡನ್ನೂ ನಿರ್ಧರಿಸಬೇಕಾದದ್ದು ನ್ಯಾಯಾಲಯ. ವಾಟ್ಸ್‌ಆ್ಯಪ್ ಗುಂಪಿಗೆ ಆ ಕೆಲಸ ಕೊಟ್ಟವರು ಯಾರೂ ಇಲ್ಲ.

ಹಾಗೆಯೇ, ಒಬ್ಬನ ಪಾಪದ ಹೊರೆಯನ್ನು ಇನ್ನೊಬ್ಬನು ಹೊರುವುದಿಲ್ಲ ಎಂಬುದು ಕುರ್‌ಆನಿನ ಪಾಠ. ಮದ್ದೂರಿನಲ್ಲಿ ಯಾರೋ ಮಾಡಿದ ಕೆಲಸಕ್ಕೆ ಮಳವಳ್ಳಿಯ ಹತ್ತು ವರ್ಷದ ಹುಡುಗ ಶಾಲೆಯಲ್ಲಿ ತಲೆ ತಗ್ಗಿಸಬೇಕಾಗಿಲ್ಲ. ಮಂಡ್ಯದಲ್ಲಿ ಬೇಕರಿ ಇಟ್ಟ ನಮ್ಮ ಬ್ಯಾರಿ ಅಣ್ಣನೊಬ್ಬ ಗಿರಾಕಿಗಳ ಮುಂದೆ ಸಮಜಾಯಿಷಿ ಕೊಡಬೇಕಾಗಿಲ್ಲ.

ಆದರೆ ಈ ಪಾಠವನ್ನು ನಮಗೆ ಬೇಕಾದಾಗ ಮಾತ್ರ ಹೊರಗೆ ತೆಗೆಯುವುದು ಸರಿಯಲ್ಲ. ಏಪ್ರಿಲ್ 27ರಂದು ಮಂಗಳೂರಿನ ಕುಡುಪುವಿನಲ್ಲಿ ಕ್ರಿಕೆಟ್ ಪಂದ್ಯ ನಡೆಯುತ್ತಿದ್ದ ಮೈದಾನದ ಬಳಿ ವಯನಾಡಿನ ಒಬ್ಬ ಬಡ ಕಾರ್ಮಿಕನನ್ನು ಗುಂಪೊಂದು ಹೊಡೆದು ಕೊಂದಿತು. ಕರ್ತವ್ಯದಲ್ಲಿ ನಿರ್ಲಕ್ಷ್ಯ ತೋರಿದ್ದಕ್ಕೆ ಇನ್‌ಸ್ಪೆಕ್ಟರ್ ಸಹಿತ ಮೂವರು ಪೊಲೀಸರು ಅಮಾನತಾದರು. ಆಟದ ಜಾಗದಲ್ಲಿ ಒಬ್ಬ ಮನುಷ್ಯನ ಜೀವ ಹೋದದ್ದು ಈ ವರ್ಷ ನಮ್ಮ ಕರಾವಳಿಗೆ ತಾಗಿದ ಕಳಂಕ. ಮೇ ತಿಂಗಳಲ್ಲಿ ಬಜ್ಪೆಯಲ್ಲೊಂದು, ಬಂಟ್ವಾಳ ತಾಲೂಕಿನಲ್ಲೊಂದು ಕೊಲೆಯಾಯಿತು. ಸತ್ತವರಲ್ಲಿ ಒಬ್ಬ ಆ ಕಡೆಯವ, ಒಬ್ಬ ಈ ಕಡೆಯವ ಎಂದು ಎಲ್ಲರೂ ಲೆಕ್ಕ ಹಾಕಿದರು. ಆ ದಿನಗಳಲ್ಲಿ ನಮ್ಮ ಮನೆಗಳಲ್ಲೂ ‘ಅವ್ರು ಹಾಗೇ’ ಎಂಬ ಮಾತು ಬಂದಿದೆ. ಕೊಂದವನು ಎಂದು ಹೇಳಬೇಕಾದಲ್ಲಿ ‘ಅವ್ರು’ ಎಂದರೆ, ಕಲ್ಲು ಎಸೆದವನು ಎಂದು ಹೇಳಬೇಕಾದಲ್ಲಿ ಇನ್ನೊಬ್ಬರು ‘ನಿಮ್ಮೋರು’ ಎನ್ನುತ್ತಾರೆ. ಎರಡೂ ಒಂದೇ ತಪ್ಪು. ಒಂದು ಜನಾಂಗದ ಮೇಲಿನ ಸಿಟ್ಟು ನಿಮ್ಮನ್ನು ನ್ಯಾಯದಿಂದ ತಪ್ಪಿಸದಿರಲಿ ಎಂಬ ಎಚ್ಚರಿಕೆ ಸೂರಾ ಅಲ್ ಮಾಯಿದಾದಲ್ಲಿ ಇದೆ. ಆ ಎಚ್ಚರಿಕೆ ಮುಖ್ಯವಾಗಿ ನಂಬಿದವರಿಗೆ.

ಗೆದ್ದಾಗ ‘ನಮ್ಮವರು’, ಇಲ್ಲದಿದ್ದರೆ ‘ನಿಮ್ಮವರು’ ಎನ್ನುವ ಅಭ್ಯಾಸ ಹೊರಗಿನವರಿಗೆ ಮಾತ್ರ ಇದೆಯೇ? ನಾವು ನಮ್ಮವರೊಂದಿಗೇ ಹೀಗೆ ಮಾಡಿದ್ದೇವೆ. ಈ ವರ್ಷ ಅದಕ್ಕೆ ಎರಡು ಉದಾಹರಣೆಗಳಿವೆ.

ಮಾರ್ಚ್ 4, ರಮಝಾನ್ ತಿಂಗಳು, ದುಬೈಯಲ್ಲಿ ಚಾಂಪಿಯನ್ಸ್ ಟ್ರೋಫಿಯ ಸೆಮಿಫೈನಲ್. ಆಸ್ಟ್ರೇಲಿಯಾ ವಿರುದ್ಧ ಶಮಿ 3 ವಿಕೆಟ್ ಪಡೆದರು. ನಮ್ಮ ಸುರತ್ಕಲಿನಲ್ಲಿ ಬೆಳೆದ ಕೆ.ಎಲ್. ರಾಹುಲ್ ಸಿಕ್ಸರ್ ಹೊಡೆದು ಪಂದ್ಯ ಮುಗಿಸಿದರು. ಆಟದ ಮಧ್ಯೆ ಶಮಿ ಬಾಟಲಿಯಿಂದ ಏನೋ ಕುಡಿದದ್ದು ಟಿ.ವಿ.ಯಲ್ಲಿ ಕಂಡಿತು. ಉತ್ತರ ಪ್ರದೇಶದ ಒಬ್ಬ ಮೌಲಾನಾ ‘ಇವರು ಪಾಪಿ’ ಎಂದು ಹೇಳಿಕೆ ಕೊಟ್ಟರು. ರೋಗಿಗೂ ಪ್ರಯಾಣಿಕನಿಗೂ ಉಪವಾಸ ಬಿಟ್ಟು ಬೇರೆ ದಿನಗಳಲ್ಲಿ ಪೂರ್ತಿ ಮಾಡಲಿಕ್ಕೆ ಅನುಮತಿ ಉಂಟು ಎಂಬುದು ಸೂರಾ ಅಲ್ ಬಖರಾದಲ್ಲಿ ಸ್ಪಷ್ಟವಾಗಿ ಇದೆ. ಬಿಟ್ಟ ಉಪವಾಸ ಆ ಮನುಷ್ಯ ಮತ್ತು ಅವನ ರಬ್ಬಿನ ನಡುವಿನ ವಿಷಯ. ಅದನ್ನು ಕ್ಯಾಮರಾದ ಮುಂದೆ ವಿಚಾರಣೆ ಮಾಡುವ ಅಧಿಕಾರ ನಮಗೆ ಯಾರಿಗೂ ಇಲ್ಲ. ಮದ್ರಸದಲ್ಲಿ ಕಲಿಸುವವರು ಇದನ್ನು ಗಟ್ಟಿಯಾಗಿ ಹೇಳಬೇಕಿತ್ತು. ನಮ್ಮಲ್ಲಿ ಹೆಚ್ಚಿನವರು ಸುಮ್ಮನಿದ್ದೆವು.

ಎರಡನೆಯದು ಹಾಸನದ ಬಾನು ಮುಷ್ತಾಕ್ ಅವರದ್ದು. ಮೇ 20ರಂದು ಲಂಡನಿನಲ್ಲಿ ಅವರ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಇಂಗ್ಲಿಷಿಗೆ ಅನುವಾದಿಸಿದವರು ಕೊಡಗಿನ ದೀಪಾ ಭಾಸ್ತಿ. ಕನ್ನಡದ ಕೃತಿಗೆ ಈ ಪ್ರಶಸ್ತಿ ಬಂದದ್ದು ಇದೇ ಮೊದಲು. ಸರಕಾರ ಅವರನ್ನು ಮೈಸೂರು ದಸರಾ ಉದ್ಘಾಟನೆಗೆ ಕರೆದಾಗ ವಿರೋಧ ಎದ್ದಿತು. ವಿರೋಧಿಸಿದವರ ಅರ್ಜಿಯನ್ನು ಹೈಕೋರ್ಟ್ ಸೆಪ್ಟೆಂಬರ್ 15ರಂದು ವಜಾ ಮಾಡಿತು, 19ರಂದು ಸುಪ್ರೀಂ ಕೋರ್ಟ್ ಕೂಡ. 22ರಂದು ಅವರು ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದರು. ಕವಿ ನಿಸಾರ್ ಅಹಮದ್ 2017ರಲ್ಲೇ ಈ ಕೆಲಸ ಮಾಡಿದ್ದರು ಎಂಬುದು ಗದ್ದಲದಲ್ಲಿ ಹಲವರಿಗೆ ನೆನಪೇ ಆಗಲಿಲ್ಲ. ‘ನೋಡಿ, ನಮ್ಮವರಿಗೆ ಅವಮಾನ’ ಎಂದು ನಾವೂ ಹೇಳಿದೆವು. ಆದರೆ ಸುಮಾರು 25 ವರ್ಷ ಹಿಂದೆ, ಹೆಂಗಸರ ಮಸೀದಿ ಪ್ರವೇಶದ ಪರ ಮಾತನಾಡಿದ್ದಕ್ಕೆ ಇವರಿಗೆ ಸಾಮಾಜಿಕ ಬಹಿಷ್ಕಾರ ಹಾಕಿದವರು ಯಾರು? ಹೊರಗಿನವರಲ್ಲ. ಅವರ ಎಲ್ಲ ಅಭಿಪ್ರಾಯಗಳನ್ನು ನಾವು ಒಪ್ಪುತ್ತೇವೆ ಎಂದಲ್ಲ. ಒಪ್ಪದಿರುವುದು ಬೇರೆ, ಮಾತುಕತೆ ಬಿಟ್ಟು ಹೊರಗೆ ಹಾಕುವುದು ಬೇರೆ. ಪ್ರಶಸ್ತಿ ಬಂದ ದಿನ ‘ನಮ್ಮವರು’ ಎನ್ನಲಿಕ್ಕೆ ಪ್ರಶಸ್ತಿ ಇಲ್ಲದ ದಿನಗಳಲ್ಲೂ ಹಾಗೆ ಎಂದಿರಬೇಕು.

ಹಾಗಾದರೆ ಗೆಲುವು ಸೋಲಿನ ಲೆಕ್ಕ ಇಲ್ಲದೆ ‘ನಮ್ಮೋನು’ ಆಗುವುದು ಹೇಗೆ? ನಮಗೆ ತೋಚುವ ದಾರಿ ಒಂದೇ. ಊರಿನ ಆಟದಲ್ಲಿ, ಊರಿನ ಕೆಲಸದಲ್ಲಿ ದಿನವೂ ಇರುವುದು. ದೂರದಿಂದ ಚಪ್ಪಾಳೆ ತಟ್ಟುವವರಾಗಿ ಇದ್ದರೆ ಅದು ಸಾಲುವುದಿಲ್ಲ.

ಈ ಮಂಡ್ಯ ಸೀಮೆಗೆ ಸಾರ್ವಜನಿಕ ಬದುಕಿನ ದೊಡ್ಡ ಪರಂಪರೆ ಉಂಟು. ಮದ್ದೂರಿನ ಶಿವಪುರದಲ್ಲಿ 1938ರ ಏಪ್ರಿಲಿನಲ್ಲಿ ಜನರು ನಿಷೇಧ ಮುರಿದು ತ್ರಿವರ್ಣ ಧ್ವಜ ಹಾರಿಸಿದರು. ಆಗ ಮೈಸೂರಿನ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಅವರ ಆಡಳಿತದ ಆಜ್ಞೆಯನ್ನು ವಿರೋಧಿಸಿದ ರೈತರ ಈ ಊರುಗಳಿಗೆ ಅವರ ಕಾಲದಲ್ಲೇ ಕಾಲುವೆ ನೀರು ಬಂತು, 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಜಗಳ ಆಡಳಿತದ ಮೇಲಿತ್ತು, ಕೆಲಸ ಊರಿಗಾಗಿ ನಡೆಯಿತು. ಕಾವೇರಿ ನೀರಿಗೆ ಇಂದಿಗೂ ಇಲ್ಲಿನ ಜನ ಹೆದ್ದಾರಿಯಲ್ಲಿ ಕೂತು ಹೋರಾಡುತ್ತಾರೆ. ಅದೇ ನೀರನ್ನು ನಾವೂ ಕುಡಿಯುತ್ತೇವೆ. ಹೋರಾಟದ ಚಾಪೆಯಲ್ಲಿ ನಮ್ಮ ಜಮಾಅತಿನವರು ಎಷ್ಟು ಮಂದಿ ಕೂತಿದ್ದೇವೆ? 2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ 87ನೇ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುವುದು ಕನ್ನಡ, ನಾವು ಈ ಪುಟದಲ್ಲಿ ಬರೆಯುವುದು ಕನ್ನಡ. ಬಸ್ಸಿಗೆ ಅರ್ಧ ಗಂಟೆ, ಮುಕ್ಕಾಲು ಗಂಟೆಯ ದಾರಿ. ನಾವು ಎಷ್ಟು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದೆವು? ನಿಜ ಹೇಳಬೇಕೆಂದರೆ ನಮ್ಮ ಮದ್ರಸದಿಂದ ಯಾರೂ ಹೋಗಲಿಲ್ಲ. ಕರೆದುಕೊಂಡು ಹೋಗುವ ಯೋಚನೆಯೇ ನಮಗೆ ಬರಲಿಲ್ಲ.

ಆಟದ ವಿಷಯವೂ ಹಾಗೆಯೇ. ಕಬಡ್ಡಿ ಈ ಜಿಲ್ಲೆಯ ಹಳ್ಳಿಹಳ್ಳಿಯ ಆಟ. ಜನವರಿ 19ರಂದು ದಿಲ್ಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ಪನ್ನು ಭಾರತದ ಮಹಿಳೆಯರೂ ಪುರುಷರೂ ಗೆದ್ದರು, ಎರಡೂ ಫೈನಲಿನಲ್ಲಿ ಎದುರಾಳಿ ನೇಪಾಳ. ಆ ಮಹಿಳಾ ತಂಡದಲ್ಲಿ ಆಡಿದ ಚೈತ್ರಾ ಮಳವಳ್ಳಿಯ ಪಕ್ಕದ ಟಿ. ನರಸೀಪುರ ತಾಲೂಕಿನ ಕುರುಬೂರಿನವರು. ರಾಜ್ಯ ಸರಕಾರ 5 ಲಕ್ಷ ರೂಪಾಯಿ ಘೋಷಿಸಿದಾಗ ಅವರೂ ಪುರುಷರ ತಂಡದ ಗೌತಮ್ ಅವರೂ ಅದನ್ನು ತೆಗೆದುಕೊಳ್ಳಲು ಒಪ್ಪಲಿಲ್ಲ. ಮಹಾರಾಷ್ಟ್ರ ತನ್ನ ಆಟಗಾರರಿಗೆ 2.25 ಕೋಟಿ ರೂಪಾಯಿಯ ಜತೆಗೆ ಸರಕಾರಿ ಕೆಲಸವನ್ನೂ ಘೋಷಿಸಿತ್ತು. ಹಳ್ಳಿಯ ಮಣ್ಣಿನಲ್ಲಿ ಆಡಿ ಬೆಳೆದ ಹುಡುಗಿ ಸರಕಾರದ ಮುಂದೆ ತನ್ನ ಆಟದ ಬೆಲೆ ಕೇಳುವಷ್ಟು ಗಟ್ಟಿಯಾದಳು. ಖೋ ಖೋಗೆ ದುಬಾರಿ ಬ್ಯಾಟು ಬೇಡ, ಪ್ಯಾಡು ಬೇಡ. ಒಂದು ಬಯಲು ಮತ್ತು ಎರಡು ಕಂಬ ಸಾಕು. ನಮ್ಮ ಹುಡುಗಿಯರಿಗೆ ನಾವು ಅಷ್ಟನ್ನೂ ಕೊಟ್ಟಿಲ್ಲ.

ಆಟ ವ್ಯರ್ಥ, ದೀನಿಗೆ ವಿರುದ್ಧ ಎನ್ನುವವರು ಇದ್ದಾರೆ. ಪ್ರವಾದಿಯವರು (ಸ.ಅ.) ಆಯಿಶಾ ಬೀವಿಯವರೊಂದಿಗೆ ಓಟದ ಸ್ಪರ್ಧೆ ಮಾಡಿದ ಹದೀಸನ್ನು ಅವರು ಓದಿಲ್ಲವೇ? ಈದಿನ ದಿನ ಅಬಿಸೀನಿಯಾದವರು ಮಸೀದಿಯಲ್ಲೇ ಈಟಿ ಹಿಡಿದು ಆಡಿದಾಗ ಆಯಿಶಾ ಬೀವಿಗೆ ಅದನ್ನು ತೋರಿಸುತ್ತಾ ಪ್ರವಾದಿಯವರು ನಿಂತಿದ್ದರು. ಬಲಹೀನ ವಿಶ್ವಾಸಿಗಿಂತ ಬಲವಂತ ವಿಶ್ವಾಸಿ ಅಲ್ಲಾಹನಿಗೆ ಹೆಚ್ಚು ಪ್ರಿಯ ಎಂದೂ ಕಲಿಸಿದರು. ಮರ್ಯಾದೆಯ ಉಡುಪು, ನಮಾಝಿನ ಸಮಯ, ಸುರಕ್ಷಿತ ಜಾಗ, ಈ ಮೂರನ್ನು ನೋಡಿಕೊಂಡರೆ ಹುಡುಗಿಯರು ಆಡುವುದನ್ನು ತಡೆಯಲಿಕ್ಕೆ ನಮಗೆ ಕಾರಣ ಸಿಗುವುದಿಲ್ಲ.

ನಮ್ಮ ಮಕ್ಕಳ ದಿನ ಹೇಗಿದೆ ನೋಡಿ. ಬೆಳಿಗ್ಗೆ ಮದ್ರಸ, ಆಮೇಲೆ ಶಾಲೆ, ಸಂಜೆ ಟ್ಯೂಷನ್, ರಾತ್ರಿ ಉಮ್ಮನ ಮೊಬೈಲು. ಆಟ ಎಂದರೆ ಪರದೆಯ ಮೇಲಿನ ಆಟ. ಸ್ವಲ್ಪ ದೊಡ್ಡವರಾದರೆ ಐಪಿಎಲ್ ಮೇಲೆ ಹಣ ಕಟ್ಟುವ ಆ್ಯಪು. ಆಗಸ್ಟಿನಲ್ಲಿ ಸಂಸತ್ತು ಕಾನೂನು ಮಾಡಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಟೀಮ್ ಇಂಡಿಯಾದ ಅಂಗಿಯ ಮೇಲಿದ್ದ ಕಂಪೆನಿಯ ಹೆಸರೇ ಹೋಯಿತು. ಜೂಜು ಹರಾಮ್ ಎಂದು ಹೇಳಲಿಕ್ಕೆ ನಮಗೆ ಸಂಸತ್ತಿನ ಕಾನೂನು ಬೇಕಿರಲಿಲ್ಲ. ಆದರೂ ಎಷ್ಟೋ ಮನೆಗಳಲ್ಲಿ ಉಪ್ಪಂದಿರಿಗೆ ಇದು ಗೊತ್ತಾದದ್ದು ಸಾಲಗಾರ ಬಾಗಿಲಿಗೆ ಬಂದ ಮೇಲೆ.

ಬರೀ ನೋಡುವವರಾಗಿ ಉಳಿದದ್ದರ ಬೆಲೆಯನ್ನು ಈ ವರ್ಷ ಇಡೀ ಕರ್ನಾಟಕ ತೆತ್ತಿತು. ಜೂನ್ 3ರಂದು ಆರ್‌ಸಿಬಿ 18ನೇ ವರ್ಷಕ್ಕೆ ಕಪ್ ಗೆದ್ದಿತು. ಮರುದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ ಕಾಲ್ತುಳಿತಕ್ಕೆ 11 ಮಂದಿ ಸತ್ತರು. ಹೆಚ್ಚಿನವರು ಎಳೆಯರು, ಮಂಡ್ಯ ಜಿಲ್ಲೆಯ ಯುವಕನೊಬ್ಬನೂ ಅದರಲ್ಲಿದ್ದ. ಬೆಂಗಳೂರಿನಲ್ಲಿ ನಡೆಯಬೇಕಿದ್ದ ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ನವಿ ಮುಂಬೈಗೆ ಹೋದವು. ನವೆಂಬರ್ 2ರಂದು ಭಾರತದ ಹೆಣ್ಣುಮಕ್ಕಳು ಅಲ್ಲೇ ಕಪ್ ಎತ್ತಿದರು. ತಪ್ಪು ವ್ಯವಸ್ಥೆ ಮಾಡಬೇಕಾದವರದ್ದು, ಅದಕ್ಕೆ ವಿಚಾರಣೆ ಆಗುತ್ತಿದೆ. ಆದರೆ ಬಸ್ಸಿನಲ್ಲಿ ಹೋಗುವ ಹೀರೋವನ್ನು ಒಮ್ಮೆ ನೋಡಲಿಕ್ಕೆ ಲಕ್ಷಾಂತರ ಮಕ್ಕಳು ನುಗ್ಗುವ ಊರಿನಲ್ಲಿ ಅವರಿಗೇ ಸಂಜೆ ಆಡಲಿಕ್ಕೆ ಜಾಗ ಎಷ್ಟು ಉಂಟು ಎಂದು ಕೇಳಿದವರು ಕಡಿಮೆ.

ಆದ್ದರಿಂದ ನಮ್ಮ ಜಮಾಅತುಗಳ ಮುಂದೆ ಮೂರು ಮಾತು ಇಡುತ್ತೇವೆ. ಕರಾವಳಿಯ ಮನೆಗಳಿಗೂ ಇದು ಅನ್ವಯಿಸುತ್ತದೆ.

ಒಂದು, ವಾರಕ್ಕೆ ಎರಡು ದಿನ ಅಸರ್ ನಮಾಝಿನಿಂದ ಮಗ್ರಿಬಿನವರೆಗೆ ಮಕ್ಕಳನ್ನು ಊರಿನ ಮೈದಾನಕ್ಕೆ ಬಿಡಿ. ನಮ್ಮ ಮಕ್ಕಳಿಗೆ ಮಾತ್ರ ಬೇರೆ ಟೂರ್ನಮೆಂಟ್ ಬೇಡ. ಊರಿನ ತಂಡದಲ್ಲಿ, ಶಾಲೆಯ ತಂಡದಲ್ಲಿ ಆಡಲಿ. ಒಂದೇ ಕಬಡ್ಡಿ ಅಂಕಣದಲ್ಲಿ ಕೈ ಹಿಡಿದು ಎಳೆದಾಡಿದ ಹುಡುಗರಿಗೆ ಒಬ್ಬರನ್ನೊಬ್ಬರು ‘ನಿಮ್ಮೋರು’ ಎನ್ನುವುದು ಅಷ್ಟು ಸುಲಭ ಅಲ್ಲ.

ಎರಡು, ಶಾಂತಿ ಸಭೆಯನ್ನು ಪೊಲೀಸ್ ಠಾಣೆಯವರು ಕರೆಯುವ ತನಕ ಕಾಯಬೇಡಿ. ಮೀಲಾದಿಗೂ ಚೌತಿಗೂ ಒಂದು ತಿಂಗಳು ಮೊದಲೇ ಮಸೀದಿ ಕಮಿಟಿಯವರು ಗಣೇಶ ಸಮಿತಿಯವರ ಮನೆಗೆ ಹೋಗಿ. ಮೆರವಣಿಗೆ ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ, ದೀಪ ಉರಿಯುತ್ತದೆಯೇ, ಎರಡೂ ಕಡೆಯ ಹಿರಿಯರು ಯಾರು ನಿಲ್ಲುತ್ತಾರೆ, ಇಷ್ಟನ್ನು ಮಾತಾಡಿ. ಅಂದು ಬರುವ ಸುದ್ದಿಯನ್ನು ಪರಿಶೀಲಿಸದೆ ಫಾರ್ವರ್ಡ್ ಮಾಡಬಾರದು ಎಂದು ಜುಮುಅದಲ್ಲಿ ಹೇಳಿ. ತಂದ ಸುದ್ದಿಯನ್ನು ತನಿಖೆ ಮಾಡಿ ಎಂಬ ಆಜ್ಞೆ ಸೂರಾ ಅಲ್ ಹುಜುರಾತಿನಲ್ಲಿ ಮೊದಲೇ ಬಂದಿದೆ.

ಮೂರು, ಊರಿನ ಸಭೆಗೆ ಹೋಗಿ. ಗ್ರಾಮಸಭೆ, ಶಾಲೆಯ ಎಸ್‌ಡಿಎಂಸಿ, ಕನ್ನಡ ಸಾಹಿತ್ಯ ಪರಿಷತ್ತಿನ ಕಾರ್ಯಕ್ರಮ, ನೀರಿನ ಹೋರಾಟ. ಖಬರಸ್ಥಾನದ ಗೋಡೆಯ ಅರ್ಜಿ ಇದ್ದಾಗ ಮಾತ್ರ ಪಂಚಾಯತಿಗೆ ಹೋಗುವವರನ್ನು ಊರು ಅರ್ಜಿದಾರರಾಗಿ ಮಾತ್ರ ನೋಡುತ್ತದೆ.

ಇಷ್ಟು ಮಾಡಿದರೆ ಎಲ್ಲ ಸರಿಯಾಗುತ್ತದೆಯೇ? ನಾವು ಹಾಗೆ ಭರವಸೆ ಕೊಡಲಾರೆವು. ದ್ವೇಷದಿಂದ ಓಟು ಸಿಗುವ ತನಕ ಅದನ್ನು ಮಾರುವವರು ಇರುತ್ತಾರೆ. ಅವರನ್ನು ತಡೆಯಬೇಕಾದದ್ದು ಸರಕಾರ ಮತ್ತು ಪೊಲೀಸರು. ಆ ಜವಾಬ್ದಾರಿಯನ್ನು ನಮ್ಮ ಮಕ್ಕಳ ಹೆಗಲಿಗೆ ಹಾಕಬಾರದು. ‘ಒಳ್ಳೆಯ ಮುಸ್ಲಿಮ್’ ಎಂದು ತೋರಿಸಿಕೊಳ್ಳಲಿಕ್ಕೂ ಮಕ್ಕಳು ಮೈದಾನಕ್ಕೆ ಹೋಗಬೇಕಾಗಿಲ್ಲ. ಆಡಲಿಕ್ಕೆ ಹೋಗಲಿ, ಅಷ್ಟೇ.

ಆ ಹುಡುಗನಿಗೆ ಕೊಡಬೇಕಾದ ಉತ್ತರ ನಮಗೆ ತಡವಾಗಿ ಹೊಳೆಯಿತು. “ನೀನು ಈ ಊರಿನವನು. ಸಿರಾಜ್ ಗೆದ್ದದ್ದಕ್ಕೆ ಅಲ್ಲ, ಯಾರಾದರೂ ಒಪ್ಪಿದ್ದಕ್ಕೂ ಅಲ್ಲ. ಇಲ್ಲಿ ಹುಟ್ಟಿದ್ದಿ, ಇಲ್ಲಿ ಓದುತ್ತಿದ್ದಿ, ಅದಕ್ಕೆ” ಎಂದೆವು. ಅವನು ತಲೆ ಅಲ್ಲಾಡಿಸಿದ. ಪೂರ್ತಿ ನಂಬಿದಂತೆ ಕಾಣಲಿಲ್ಲ. ಈಗ ಗುರುವಾರ ಸಂಜೆ ಅವನ ತರಗತಿಯನ್ನು ಮೈದಾನಕ್ಕೆ ಬಿಡುತ್ತಿದ್ದೇವೆ. ಕಳೆದ ವಾರ ಮಂಡಿ ತರಚಿಕೊಂಡಿದ್ದ. ಶಾಲೆಯ ಹುಡುಗನೊಬ್ಬ ಸೈಕಲಿನ ಹಿಂದೆ ಕೂರಿಸಿಕೊಂಡು ಅವನನ್ನು ಮಗ್ರಿಬಿಗೆ ಮೊದಲು ನಮ್ಮ ಬಾಗಿಲಿಗೆ ತಂದು ಬಿಟ್ಟ. “ಉಸ್ತಾದ್ರೇ, ಇವ್ನು ಬಿದ್ದವ್ನೆ, ಔಷ್ಧಿ ಹಾಕಿ. ನಾಳಿದ್ದು ಮ್ಯಾಚ್ ಅದೆ, ನಮ್ ಟೀಮಿಗೆ ಬೇಕು” ಎಂದು ಹೇಳಿ ಹೋದ.

ಅಲ್ಲಾಹನು ನಮ್ಮ ಮಕ್ಕಳಿಗೂ ಅವರ ಜತೆಗಾರರಿಗೂ ಒಳಿತನ್ನು ಕರುಣಿಸಲಿ. ಆಮೀನ್.